ನಮ್ಮ ಕಡೆ ತಿರುಗಿದ ಜೆಟ್: ಸಕ್ರಿಯ ಗ್ಯಾಲಕ್ಸಿಗಳ ಗಾಮಾ ಕಿರಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೆರೇಸ್ ಮೇಲೆ ಟೆಲಿಸ್ಕೋಪ್ ಇಟ್ಟುಕೊಂಡು ನಾಲ್ಕು ಜನರಿಗೆ ಶನಿಗ್ರಹ ತೋರಿಸಿದರೆ ಸಾಕು, ಮಾತು ಹೇಗೋ ಕಪ್ಪು ಕುಳಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಜೆಟ್‌ಗೆ, ಜೆಟ್‌ನಿಂದ ಗಾಮಾ ಕಿರಣಕ್ಕೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಗಣಿತ ಒಂದೇ ಕಡೆ ಬರುತ್ತದೆ, ಅದೂ ಕೂಡು-ಕಳೆ-ಭಾಗಿಸು ಅಷ್ಟೇ.

ಜೆಟ್ ಅಂದರೆ ಏನು? ಗ್ಯಾಲಕ್ಸಿಯಿಂದ ಏನು ಚಿಮ್ಮುತ್ತದೆ?

ದೊಡ್ಡ ಗ್ಯಾಲಕ್ಸಿಗಳ ನಡುಭಾಗದಲ್ಲಿ ಒಂದು ಭಾರಿ ಕಪ್ಪು ಕುಳಿ ಇರುತ್ತದೆ. ಸೂರ್ಯನ ತೂಕದ ಹತ್ತಾರು ಲಕ್ಷ ಪಟ್ಟಿನಿಂದ ನೂರಾರು ಕೋಟಿ ಪಟ್ಟಿನವರೆಗೆ. ಸುತ್ತಲಿನ ಅನಿಲ ಅದರೊಳಗೆ ನೇರವಾಗಿ ಬೀಳುವುದಿಲ್ಲ. ಸುತ್ತಿ ಸುತ್ತಿ, ತಟ್ಟೆಯಂತೆ ಚಪ್ಪಟೆಯಾಗಿ, ಕಾದು ಬೆಳಗುತ್ತಾ ಒಳಗೆ ಇಳಿಯುತ್ತದೆ. ಹೀಗೆ ನಡುಭಾಗ ಜೋರಾಗಿ ಬೆಳಗುವ ಗ್ಯಾಲಕ್ಸಿಯನ್ನು ಸಕ್ರಿಯ ಗ್ಯಾಲಕ್ಸಿ ಅನ್ನುತ್ತಾರೆ. ಇಂಥವುಗಳಲ್ಲಿ ಕೆಲವಕ್ಕೆ ಮಾತ್ರ, ತಟ್ಟೆಯ ಮೇಲಕ್ಕೊಂದು ಕೆಳಕ್ಕೊಂದು ಸಪೂರವಾದ ಧಾರೆ ಹೊರಡುತ್ತದೆ. ಅದೇ ಜೆಟ್. ವಿದ್ಯುದಾವೇಶ ಇರುವ ಕಣಗಳು ಮತ್ತು ಅವುಗಳ ಜೊತೆ ಹೆಣೆದುಕೊಂಡ ಕಾಂತಕ್ಷೇತ್ರ ಬೆಳಕಿನ ವೇಗದ ಹತ್ತಿರ ಹತ್ತಿರದಲ್ಲಿ ಓಡುತ್ತಿರುತ್ತವೆ.

ಮೊದಲು ಇದನ್ನು ಗಮನಿಸಿ ಬರೆದಿಟ್ಟವರು ಹೀಬರ್ ಕರ್ಟಿಸ್, 1918ರಲ್ಲಿ, ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ. ಎಂ87 ಅನ್ನೋ ಮಬ್ಬು ಚುಕ್ಕೆಯ ನಡುವಿನಿಂದ ನೇರವಾದ ಒಂದು ವಿಚಿತ್ರ ಗೆರೆ ಹೊರಟಿದೆ ಅಂತ ಅವರು ದಾಖಲಿಸಿದರು. ಆಗ ಎಂ87 ನಮ್ಮ ಆಕಾಶಗಂಗೆಯ ಹೊರಗಿನದು ಅನ್ನುವುದೇ ಇತ್ಯರ್ಥವಾಗಿರಲಿಲ್ಲ! ಆ ಗೆರೆಯ ಉದ್ದ ಸುಮಾರು 5,000 ಜ್ಯೋತಿರ್ವರ್ಷ ಅಂತ ಈಗ ಗೊತ್ತಿದೆ.

ಕಪ್ಪು ಕುಳಿಯಿಂದ ಏನೂ ಹೊರಗೆ ಬರಲ್ಲ ಅಂತಾರೆ. ಮತ್ತೆ ಜೆಟ್ ಎಲ್ಲಿಂದ ಬಂತು?

ಒಳಗೆ ಬಿದ್ದದ್ದು ಹೊರಗೆ ಬರುವುದಿಲ್ಲ, ಸರಿ. ಜೆಟ್ ಹೊರಡುವುದು ಅಂಚಿನ ಆಚೆಯಿಂದ. ಒಳಗೆ ಬೀಳುವ ಅನಿಲ ತನ್ನ ಜೊತೆ ಕಾಂತಕ್ಷೇತ್ರವನ್ನೂ ಎಳೆದು ತರುತ್ತದೆ. ಕಪ್ಪು ಕುಳಿ ತಿರುಗುತ್ತಿದ್ದರೆ ಆ ಬಲರೇಖೆಗಳು ಹಗ್ಗ ಹೊಸೆದಂತೆ ಹೊಸೆದುಕೊಳ್ಳುತ್ತವೆ. ಹೊಸೆದ ಹಗ್ಗ ಬಿಚ್ಚಿಕೊಳ್ಳುವ ರಭಸಕ್ಕೆ ಕಣಗಳು ಅಕ್ಷದ ಉದ್ದಕ್ಕೂ ಎಸೆಯಲ್ಪಡುತ್ತವೆ. ಖರ್ಚಾಗುವುದು ಕುಳಿಯ ತಿರುಗುವ ಶಕ್ತಿ. ಈ ಲೆಕ್ಕವನ್ನು ರೋಜರ್ ಬ್ಲ್ಯಾಂಡ್‌ಫರ್ಡ್ ಮತ್ತು ರೋಮನ್ ಜ್ನಾಯೆಕ್ 1977ರಲ್ಲಿ ಕೊಟ್ಟರು. ಇವತ್ತಿಗೂ ಹೆಚ್ಚಿನವರು ಒಪ್ಪುವ ವಿವರಣೆ ಇದೇ.

ನಮ್ಮ ಆಕಾಶಗಂಗೆಗೂ ಜೆಟ್ ಇದೆಯಾ?

ಹೇಳಿಕೊಳ್ಳುವಂಥದ್ದು ಇಲ್ಲ. ಅದರ ನಡುಭಾಗದ ಕಪ್ಪು ಕುಳಿ ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು, ಸದ್ಯಕ್ಕೆ ಉಪವಾಸದಲ್ಲಿದೆ. ಹಿಂದೊಮ್ಮೆ ಅಬ್ಬರಿಸಿದ್ದಿರಬಹುದು. ಆಕಾಶಗಂಗೆಯ ತಟ್ಟೆಯ ಮೇಲೂ ಕೆಳಗೂ ತಲಾ 25,000 ಜ್ಯೋತಿರ್ವರ್ಷ ಹಬ್ಬಿದ ಎರಡು ಗಾಮಾ ಗುಳ್ಳೆಗಳು 2010ರಲ್ಲಿ ಕಂಡವು. ಅವು ಜೆಟ್‌ನ ಗುರುತೋ, ಒಟ್ಟಿಗೇ ಹುಟ್ಟಿ ಸತ್ತ ನಕ್ಷತ್ರಗಳ ಗಾಳಿಯೋ ಅನ್ನುವ ಚರ್ಚೆ ಮುಗಿದಿಲ್ಲ.

ಗಾಮಾ ಕಿರಣ ಅಂದರೆ ಎಷ್ಟು ಬಲ?

ಗಾಮಾ ಕಿರಣವೂ ಬೆಳಕೇ, ಅತಿ ಹೆಚ್ಚು ಶಕ್ತಿಯದ್ದು. ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನ್‌ನ, ಅಂದರೆ ಬೆಳಕಿನ ಕಣದ, ಶಕ್ತಿ ಎರಡು ಮೂರು ಇಲೆಕ್ಟ್ರಾನ್‌ವೋಲ್ಟ್ (ಇಂಥ ಪುಟ್ಟ ಶಕ್ತಿಗಳನ್ನು ಅಳೆಯುವ ಮಾನ). ಆಸ್ಪತ್ರೆಯ ಎಕ್ಸ್-ರೇ ಆದರೆ ಹತ್ತಾರು ಸಾವಿರ. ನಾವು ಇಲ್ಲಿ ಮಾತಾಡುತ್ತಿರುವ ಗಾಮಾ ಕಿರಣಗಳು ಕೋಟಿಗಳಲ್ಲಿ ಶುರುವಾಗಿ ಲಕ್ಷ ಕೋಟಿಯನ್ನೂ ದಾಟುತ್ತವೆ. ಒಂದು ಲಕ್ಷ ಕೋಟಿ ಇಲೆಕ್ಟ್ರಾನ್‌ವೋಲ್ಟ್‌ಗೆ ಒಂದು ಟೆರಾ ಇಲೆಕ್ಟ್ರಾನ್‌ವೋಲ್ಟ್ ಅಂತ ಹೆಸರು, ಮುಂದೆ ಬರೀ ಟೆರಾ ಅನ್ನುತ್ತೇನೆ. ಕೇಳಲು ಭಯಂಕರ. ಆದರೆ ಅದು ಕಿವಿಯ ಹತ್ತಿರ ಗುಂಯ್ ಅಂತ ಹಾರುವ ಸೊಳ್ಳೆಯ ಚಲನಶಕ್ತಿಯಷ್ಟೇ. ಇಡೀ ಸೊಳ್ಳೆಯ ಶಕ್ತಿ ಒಂದೇ ಒಂದು ಬೆಳಕಿನ ಕಣದಲ್ಲಿ ಅಡಗಿದೆ ಅನ್ನುವುದು ವಿಶೇಷ.

ಬ್ಲೇಜಾರ್ ಅಂದರೆ ಬೇರೆ ಜಾತಿಯ ಗ್ಯಾಲಕ್ಸಿಯಾ?

ಅಲ್ಲ. ಇಲ್ಲೇ ಬಹಳ ಜನ ಎಡವುವುದು. ಬ್ಲೇಜಾರ್ ಅನ್ನುವುದು ಗ್ಯಾಲಕ್ಸಿಯ ಗುಣದ ಹೆಸರಲ್ಲ, ಅದು ಯಾವ ಕಡೆ ಮುಖ ಮಾಡಿದೆ ಅನ್ನುವುದರ ಹೆಸರು. ಜೆಟ್ ಇರುವ ಗ್ಯಾಲಕ್ಸಿ ಅಡ್ಡಡ್ಡ ನಿಂತಿದ್ದರೆ ಅದನ್ನು ರೇಡಿಯೊ ಗ್ಯಾಲಕ್ಸಿ ಅನ್ನುತ್ತೇವೆ. ಅದೇ ಜೆಟ್ ನೇರ ನಮ್ಮ ಕಡೆ ತಿರುಗಿದ್ದರೆ ಬ್ಲೇಜಾರ್. ಪತ್ರಿಕೆಗಳು 'ರಾಕ್ಷಸ ಬ್ಲೇಜಾರ್' ಅಂತ ಬರೆದಾಗೆಲ್ಲ ನನಗೆ ಸ್ವಲ್ಪ ಕಿರಿಕಿರಿ. ರಾಕ್ಷಸತನ ಇರುವುದು ಅರ್ಧ ಅದರಲ್ಲಿ, ಅರ್ಧ ನಾವು ನಿಂತ ಜಾಗದಲ್ಲಿ.

ಹೆಸರಿನ ಕಥೆ ತಮಾಷೆಯಾಗಿದೆ. ಕೂನೊ ಹಾಫ್‌ಮೈಸ್ಟರ್ ಅನ್ನುವ ಜರ್ಮನ್ ಖಗೋಳಜ್ಞ 1929ರಲ್ಲಿ ಲಾಸರ್ಟಾ ಪುಂಜದಲ್ಲಿ ಹೆಚ್ಚು ಕಡಿಮೆ ಆಗುವ ಒಂದು ಚುಕ್ಕೆ ಕಂಡರು. ಬೆಳಕು ಏರಿಳಿಯುವ ನಕ್ಷತ್ರ ಅಂದುಕೊಂಡು, ಅಂಥ ನಕ್ಷತ್ರಗಳಿಗೆ ಕೊಡುವ ರೀತಿಯಲ್ಲೇ ಅದಕ್ಕೆ ಬಿಎಲ್ ಲಾಸರ್ಟೆ ಅಂತ ಹೆಸರು ಬಿತ್ತು. ಅದು ನಕ್ಷತ್ರವೇ ಅಲ್ಲ, ದೂರದ ಗ್ಯಾಲಕ್ಸಿಯ ನಡುಭಾಗ ಅಂತ ತಿಳಿಯಲು ನಾಲ್ಕು ದಶಕ ಬೇಕಾಯಿತು. 1978ರಲ್ಲಿ ಎಡ್ ಸ್ಪೀಗಲ್ ಅನ್ನುವವರು ಬಿಎಲ್ ಲಾಸರ್ಟೆಯ 'ಬಿಎಲ್' ಮತ್ತು ಕ್ವೇಸಾರ್ (ನಡುಭಾಗ ಅತಿ ಪ್ರಖರವಾಗಿರುವ ಸಕ್ರಿಯ ಗ್ಯಾಲಕ್ಸಿ) ಅನ್ನುವ ಹೆಸರಿನ ಬಾಲ ಸೇರಿಸಿ ಬ್ಲೇಜಾರ್ ಮಾಡಿದರು. ಇಂಗ್ಲಿಷಿನಲ್ಲಿ 'ಬ್ಲೇಜ್' ಅಂದರೆ ಧಗಧಗ ಉರಿ, ಹಾಗಾಗಿ ಹೆಸರು ಚೆನ್ನಾಗಿಯೇ ಕೂತಿತು.

ನಮ್ಮ ಕಡೆ ತಿರುಗಿದ ಮಾತ್ರಕ್ಕೆ ಅಷ್ಟು ವ್ಯತ್ಯಾಸ ಯಾಕೆ?

ಘಾಟಿಯಲ್ಲಿ ರಾತ್ರಿ ಎದುರಿಂದ ಬರುವ ಲಾರಿ ನೆನಪಿಸಿಕೊಳ್ಳಿ. ಪಕ್ಕದ ತಿರುವಿನಲ್ಲಿ ಇರುವವರೆಗೆ ಸುಮ್ಮನೆ ಒಂದು ಮಬ್ಬು. ತಿರುಗಿ ನಿಮ್ಮ ಮುಖಕ್ಕೆ ಬಂದ ಕ್ಷಣ ಕಣ್ಣು ಕತ್ತಲೆ. ಲಾರಿಯ ಲೈಟಿಗೆ ಹಿಂದೆ ಕನ್ನಡಿ ಇದೆ, ಅದಕ್ಕೇ ಬೆಳಕು ಒಂದೇ ಕಡೆ ಹೋಗುತ್ತದೆ. ಜೆಟ್‌ನಲ್ಲಿ ಕನ್ನಡಿಯ ಕೆಲಸ ಮಾಡುವುದು ವೇಗ.

ಇದಕ್ಕೆ ಮಳೆಯ ಉದಾಹರಣೆ ಸರಿ ಹೋಗುತ್ತದೆ. ಮಳೆ ನೇರ ಮೇಲಿನಿಂದ ಬೀಳುತ್ತಿದ್ದರೂ ಬೈಕ್ ಓಡಿಸಿದರೆ ಹನಿಗಳೆಲ್ಲ ಮುಖಕ್ಕೇ ಹೊಡೆಯುತ್ತವೆ. ಓಡುವವನಿಗೆ ದಿಕ್ಕುಗಳು ಮುಂದಕ್ಕೆ ಬಾಗುತ್ತವೆ. ಹಾಗೆಯೇ, ಬೆಳಕಿನ ವೇಗದ ಹತ್ತಿರ ಓಡುವ ಪ್ಲಾಸ್ಮಾ (ಜೆಟ್‌ನ ವಿದ್ಯುದಾವೇಶದ ಕಣಗಳ ರಾಶಿ) ತನ್ನ ಮಟ್ಟಿಗೆ ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಚೆಲ್ಲಿದರೂ, ಹೊರಗೆ ನಿಂತ ನಮಗೆ ಅದೆಲ್ಲ ಮುಂದಿನ ಒಂದು ಸಣ್ಣ ಶಂಕುವಿನೊಳಗೆ ತುರುಕಿದಂತೆ ಕಾಣುತ್ತದೆ. ಜೊತೆಗೆ ಪ್ರತಿ ಫೋಟಾನ್‌ನ ಶಕ್ತಿಯೂ ಏರುತ್ತದೆ, ಅವು ಬರುವ ಗತಿಯೂ ಹೆಚ್ಚುತ್ತದೆ. ಎಲ್ಲ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ.

ಬೆಳಕಿನ ವೇಗದ ಶೇ 99.5ರಲ್ಲಿ ಓಡುವ ಜೆಟ್ ತೆಗೆದುಕೊಳ್ಳಿ. ಆ ಶಂಕುವಿನ ಅರ್ಧ ಕೋನ ಸುಮಾರು 6 ಡಿಗ್ರಿ. ಸರಿಯಾಗಿ ಎದುರಿಗೆ ನಿಂತವರಿಗೆ ಅದರ ಒಂದು ಪ್ಲಾಸ್ಮಾ ಉಂಡೆ ಲಕ್ಷಕ್ಕೂ ಹೆಚ್ಚು ಪಟ್ಟು ಪ್ರಕಾಶಮಾನವಾಗಿ ಕಾಣುತ್ತದೆ. ಪಕ್ಕದಲ್ಲಿ ನಿಂತವರಿಗೆ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಎದುರಿನ ಜೆಟ್ ಕಂಡು, ಹಿಂಬದಿಯ ಜೆಟ್ ಎಷ್ಟೋ ಸಲ ಕಾಣದೇ ಹೋಗುವುದೂ ಇದರಿಂದಲೇ. ಎರಡೂ ಇವೆ, ಒಂದು ನಮಗೆ ಬೆನ್ನು ಹಾಕಿದೆ.

ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹದ ಪಟ್ಟಿಯಲ್ಲಿ ಈಗ 5,000ಕ್ಕೂ ಹೆಚ್ಚು ಗಾಮಾ ಮೂಲಗಳಿವೆ. ಅದರಲ್ಲಿ 3,000ಕ್ಕೂ ಹೆಚ್ಚು ಬ್ಲೇಜಾರ್‌ಗಳೇ. ಜೆಟ್ ಇರುವ ಗ್ಯಾಲಕ್ಸಿಗಳ ಒಟ್ಟು ಸಂಖ್ಯೆಯಲ್ಲಿ ಅವು ಅಪರೂಪ. ಆದರೆ ಸಂತೆಯಲ್ಲಿ ನಮ್ಮ ಕಡೆ ತಿರುಗಿ ಕೂಗಿದವರ ದನಿಯೇ ಅಲ್ವಾ ನಮಗೆ ಜಾಸ್ತಿ ಕೇಳುವುದು?

ಜೆಟ್‌ಗಳು ಬೆಳಕಿಗಿಂತ ವೇಗವಾಗಿ ಹೋಗುತ್ತವೆ ಅಂತ ಓದಿದೆ. ನಿಜವಾ?

ಹಾಗೆ ಕಾಣುತ್ತವೆ. ಹೋಗುವುದಿಲ್ಲ. ಬ್ರಿಟನ್ನಿನ ಖಗೋಳಜ್ಞ ಮಾರ್ಟಿನ್ ರೀಸ್ ಹೀಗೆ ಕಾಣಬಹುದು ಅಂತ 1966ರಲ್ಲೇ ಲೆಕ್ಕ ಹಾಕಿದ್ದರು. 1970ರ ದಶಕದ ಆರಂಭದಲ್ಲಿ ರೇಡಿಯೊ ದೂರದರ್ಶಕಗಳು 3ಸಿ 279, 3ಸಿ 273 ಮುಂತಾದ ಕ್ವೇಸಾರ್‌ಗಳಲ್ಲಿ ಇದನ್ನು ನಿಜವಾಗಿಯೂ ಕಂಡವು.

ಊರಿಗೆ ಬರುತ್ತಿರುವ ಒಬ್ಬ ನೆಂಟ ಕಾಗದ ಹಾಕುತ್ತಾ, ಆ ಕಾಗದದ ಬೆನ್ನಿಗೇ ತಾನೂ ನಡೆದು ಬರುತ್ತಿದ್ದಾನೆ ಅಂದುಕೊಳ್ಳಿ. ಹೊರಡುವಾಗ ಒಂದು ಕಾಗದ ಹಾಕಿದ. ಅಂಚೆಯವನಷ್ಟೇ ಬಿರುಸಾಗಿ ಹತ್ತು ದಿನ ನಡೆದು, ಊರ ಹತ್ತಿರದಿಂದ ಇನ್ನೊಂದು ಹಾಕಿದ. ಎರಡೂ ಒಂದೇ ದಿನ ನಿಮ್ಮ ಕೈ ಸೇರುತ್ತವೆ. ತಾರೀಖು ನೋಡದಿದ್ದರೆ ಹತ್ತು ದಿನದ ದಾರಿಯನ್ನು ಒಂದು ದಿನದಲ್ಲಿ ಬಂದ ಅನ್ನಿಸುತ್ತದೆ. ಜೆಟ್‌ನ ಬೆಳಕಿಗೆ ತಾರೀಖು ಇರುವುದಿಲ್ಲ.

ಈಗ ಲೆಕ್ಕ. ಒಂದು ಪ್ಲಾಸ್ಮಾ ಉಂಡೆ ಬೆಳಕಿನ ಶೇ 99 ವೇಗದಲ್ಲಿ, ನಮ್ಮ ದೃಷ್ಟಿರೇಖೆಗೆ 8 ಡಿಗ್ರಿ ಓರೆಯಾಗಿ ಬರುತ್ತಿದೆ. 10 ವರ್ಷದಲ್ಲಿ ಅದು ಕ್ರಮಿಸುವುದು 9.9 ಜ್ಯೋತಿರ್ವರ್ಷ. ಅದರಲ್ಲಿ ನಮ್ಮತ್ತ ಬಂದದ್ದು 9.8, ಅಡ್ಡಕ್ಕೆ ಸರಿದದ್ದು 1.38. ಮೊದಲು ಹೊರಟ ಬೆಳಕಿಗೂ 10 ವರ್ಷ ಬಿಟ್ಟು ಹೊರಟ ಬೆಳಕಿಗೂ ನಮ್ಮ ಹತ್ತಿರ ಬರುವಾಗ ಇರುವ ಅಂತರ 10ರಲ್ಲಿ 9.8 ಕಳೆದರೆ ಉಳಿಯುವ 0.2 ವರ್ಷ. ಅಂದರೆ ಎರಡೂವರೆ ತಿಂಗಳಿಗಿಂತ ಕಡಿಮೆ. ಅಷ್ಟರಲ್ಲಿ ಅದು 1.38 ಜ್ಯೋತಿರ್ವರ್ಷ ಅಡ್ಡ ಸರಿದಂತೆ ಕಂಡಿತು. ಭಾಗಿಸಿ ನೋಡಿ, ಬೆಳಕಿನ ವೇಗದ ಏಳು ಪಟ್ಟು!

ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಜೆಟ್‌ಗಳ ಅರ್ಧ ಒಗಟು ಬಿಡಿಸಿದಂತೆ. 10 ವರ್ಷದ ಕಥೆ ಎರಡೂವರೆ ತಿಂಗಳಿಗೆ ಕುಗ್ಗಿತಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಿ, ಗಾಮಾ ಕಿರಣ ಹುಟ್ಟುವುದು ಹೇಗೆ?

ಬ್ಲೇಜಾರ್‌ನ ಬೆಳಕನ್ನು ರೇಡಿಯೊದಿಂದ ಗಾಮಾವರೆಗೆ ಅಳೆದು ಗೆರೆ ಎಳೆದರೆ ಎರಡು ಡುಬ್ಬ ಕಾಣುತ್ತವೆ, ಲಡಾಖಿನ ನುಬ್ರಾ ಕಣಿವೆಯ ಒಂಟೆಯ ಹಾಗೆ. ಮೊದಲ ಡುಬ್ಬದ ಬಗ್ಗೆ ಜಗಳ ಇಲ್ಲ. ಇಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಗಿರಕಿ ಹೊಡೆಯುತ್ತಾ ಚೆಲ್ಲುವ ಬೆಳಕು ಅದು, ಸಿಂಕ್ರೊಟ್ರಾನ್ ಬೆಳಕು. ರೇಡಿಯೊದಿಂದ ಹಿಡಿದು ಕೆಲವು ಬ್ಲೇಜಾರ್‌ಗಳಲ್ಲಿ ಎಕ್ಸ್-ರೇವರೆಗೂ ಹೋಗುತ್ತದೆ.

ಎರಡನೆಯದೇ ಗಾಮಾ ಡುಬ್ಬ. ಇದಕ್ಕೆ ಹೆಚ್ಚು ಜನ ಒಪ್ಪುವ ವಿವರಣೆಯನ್ನು ಕೇರಂ ಬೋರ್ಡ್ ಮೇಲೆ ತೋರಿಸಬಹುದು. ಜೋರಾಗಿ ಬಿಟ್ಟ ಸ್ಟ್ರೈಕರ್ ನಿಧಾನಕ್ಕೆ ಉರುಳುವ ಪಾನಿಗೆ ಬಡಿದರೆ ಪಾನು ಚಿಮ್ಮಿ ಹೋಗುತ್ತದೆ. ಸ್ಟ್ರೈಕರ್ ಜಾಗದಲ್ಲಿ ಇಲೆಕ್ಟ್ರಾನ್, ಪಾನಿನ ಜಾಗದಲ್ಲಿ ಒಂದು ಸಾಧಾರಣ ಫೋಟಾನ್ ಇಡಿ. ಬಡಿದ ಮೇಲೆ ಫೋಟಾನ್ ಗಾಮಾ ಕಿರಣವಾಗಿ ಹೋಗುತ್ತದೆ. ಫೋಟಾನ್ ಇಲೆಕ್ಟ್ರಾನ್‌ಗೆ ಬಡಿದು ಶಕ್ತಿ ಕಳೆದುಕೊಳ್ಳುವುದನ್ನು ತೋರಿಸಿ ಆರ್ಥರ್ ಕಾಂಪ್ಟನ್ 1927ರ ನೊಬೆಲ್ ಪಡೆದರು. ಇಲ್ಲಿ ನಡೆಯುವುದು ಅದರ ತಿರುವುಮುರುವು. ಹಾಗಾಗಿ ವಿಲೋಮ ಕಾಂಪ್ಟನ್.

ಪಾನುಗಳು ಎಲ್ಲಿಂದ ಬರುತ್ತವೆ? ಮಾರ್ಕೇರಿಯನ್ 421ನಂಥ ಬ್ಲೇಜಾರ್‌ಗಳಲ್ಲಿ ಇಲೆಕ್ಟ್ರಾನ್‌ಗಳು ತಾವೇ ಚೆಲ್ಲಿದ ಸಿಂಕ್ರೊಟ್ರಾನ್ ಬೆಳಕನ್ನು ತಾವೇ ಹೊಡೆಯುತ್ತವೆ. 3ಸಿ 279ನಂಥ ಕ್ವೇಸಾರ್‌ಗಳಲ್ಲಿ ತಟ್ಟೆಯ ಬೆಳಕು, ಸುತ್ತಲಿನ ಅನಿಲದ ಮೋಡಗಳ ಬೆಳಕು, ದೂಳಿನ ಕಾವು ಎಲ್ಲ ಹೊರಗಿನಿಂದ ಧಾರಾಳವಾಗಿ ಸಿಗುತ್ತವೆ. ಅದಕ್ಕೇ ಅವುಗಳ ಗಾಮಾ ಡುಬ್ಬ ಎಷ್ಟೋ ಸಲ ಮೊದಲನೆಯದಕ್ಕಿಂತ ಎತ್ತರ.

ಇನ್ನೊಂದು ಪಕ್ಷವೂ ಇದೆ. ಜೆಟ್‌ನಲ್ಲಿ ಪ್ರೋಟಾನ್‌ಗಳೂ ವೇಗ ಪಡೆದಿದ್ದರೆ, ಅವು ಬೆಳಕಿಗೆ ಬಡಿದು ಪಯಾನ್ ಅನ್ನುವ ಕಣಗಳು ಹುಟ್ಟುತ್ತವೆ. ಪಯಾನ್ ಒಡೆದರೆ ಗಾಮಾ ಕಿರಣ ಬರುತ್ತದೆ, ನ್ಯೂಟ್ರಿನೊ (ಆವೇಶವಿಲ್ಲದ, ಬಹುತೇಕ ಯಾವುದಕ್ಕೂ ತಾಗದೆ ತೂರಿ ಹೋಗುವ ಕಣ) ಕೂಡ ಬರುತ್ತದೆ. ಇಲೆಕ್ಟ್ರಾನ್ ಪಕ್ಷದಲ್ಲಿ ನ್ಯೂಟ್ರಿನೊ ಹುಟ್ಟುವುದಿಲ್ಲ. ಜಗಳ ಬಗೆಹರಿಸುವ ಸಾಕ್ಷಿ ಎಲ್ಲಿ ಹುಡುಕಬೇಕು ಅನ್ನುವುದು ಇದರಿಂದ ತಿಳಿಯಿತಲ್ಲ.

ಆ ಇಲೆಕ್ಟ್ರಾನ್‌ಗಳಿಗೆ ಅಷ್ಟು ವೇಗ ಕೊಟ್ಟವರು ಯಾರು?

ಎರಡು ಉತ್ತರ ಚಾಲ್ತಿಯಲ್ಲಿವೆ. ಹಿಂದಿನಿಂದ ಬಂದ ವೇಗದ ಪ್ಲಾಸ್ಮಾ ಮುಂದಿನ ನಿಧಾನದ್ದಕ್ಕೆ ಗುದ್ದಿದಾಗ ಆಘಾತದ ಅಲೆ ಏಳುತ್ತದೆ, ಕಣಗಳು ಅದರ ಆಚೆ ಈಚೆ ಪುಟಿಯುತ್ತಾ ಸುತ್ತಿಗೊಂದಿಷ್ಟು ಶಕ್ತಿ ಗಳಿಸುತ್ತವೆ ಅನ್ನುವುದು ಒಂದು. ಕಾಂತರೇಖೆಗಳು ಹರಿದು ಮತ್ತೆ ಬೆಸೆದುಕೊಳ್ಳುವಾಗ ಕಣಗಳನ್ನು ಕವಣೆಯಂತೆ ಬೀಸುತ್ತವೆ ಅನ್ನುವುದು ಇನ್ನೊಂದು.

2021ರ ಡಿಸೆಂಬರ್‌ನಲ್ಲಿ ಹಾರಿದ ಇಕ್ಸ್‌ಪಿ ಉಪಗ್ರಹ ಎಕ್ಸ್-ರೇಯ ಧ್ರುವೀಕರಣವನ್ನು ಅಳೆಯುತ್ತದೆ. ಬೆಳಕಿನ ಕಂಪನ ಎಷ್ಟರ ಮಟ್ಟಿಗೆ ಒಂದೇ ದಿಕ್ಕಿಗೆ ಶಿಸ್ತಾಗಿ ನಿಂತಿದೆ ಅನ್ನುವುದೇ ಧ್ರುವೀಕರಣ. 2022ರ ಮಾರ್ಚ್‌ನಲ್ಲಿ ಅದು ಮಾರ್ಕೇರಿಯನ್ 501 ನೋಡಿತು. ಎಕ್ಸ್-ರೇಯಲ್ಲಿ ಆ ಶಿಸ್ತು ಶೇ 10ರಷ್ಟು, ಕಾಣುವ ಬೆಳಕಿನದ್ದಕ್ಕಿಂತ ಸುಮಾರು ಎರಡು ಪಟ್ಟು. ಆಗ ತಾನೇ ವೇಗ ಪಡೆದ ಬಿಸಿಬಿಸಿ ಇಲೆಕ್ಟ್ರಾನ್‌ಗಳು ಆಘಾತದ ಅಲೆಯ ಪಕ್ಕದಲ್ಲೇ ಎಕ್ಸ್-ರೇ ಚೆಲ್ಲುತ್ತವೆ. ಮುಂದೆ ಸಾಗಿ ಸುಸ್ತಾದವು ಅಸ್ತವ್ಯಸ್ತ ಕಾಂತಕ್ಷೇತ್ರದಲ್ಲಿ ಕಾಣುವ ಬೆಳಕು ಚೆಲ್ಲುತ್ತವೆ. ಈ ಚಿತ್ರಕ್ಕೆ ಅಳತೆ ಸರಿಯಾಗಿ ಹೊಂದಿತು. ಆ ಒಂದು ಬ್ಲೇಜಾರ್ ಮಟ್ಟಿಗೆ ಆಘಾತದ ಅಲೆಯ ಪಕ್ಷ ಮುಂದಿದೆ. ಮುಂದೆ ಬಿಎಲ್ ಲಾಸರ್ಟೆಯನ್ನು ನೋಡಿದಾಗ ಕಾಣುವ ಬೆಳಕಿನಲ್ಲಿ ಧ್ರುವೀಕರಣ ಶೇ 47ರವರೆಗೆ ಏರಿದ್ದರೂ ಎಕ್ಸ್-ರೇಯಲ್ಲಿ ಅಳತೆಗೆ ಸಿಗದಷ್ಟು ಕಡಿಮೆ ಇತ್ತು. ಅಲ್ಲಿನ ಎಕ್ಸ್-ರೇ ಎರಡನೇ ಡುಬ್ಬಕ್ಕೆ ಸೇರಿದ್ದು, ಅದು ಪ್ರೋಟಾನ್‌ಗಳ ಕೆಲಸವಲ್ಲ, ಇಲೆಕ್ಟ್ರಾನ್‌ಗಳ ಕೇರಂ ಆಟವೇ ಅನ್ನುವುದಕ್ಕೆ ಇದು ಬಲವಾದ ಸುಳಿವು.

ಗಾಮಾ ಬೆಳಕು ನಿಮಿಷಗಳಲ್ಲಿ ಏರಿಳಿಯುತ್ತದಂತೆ. ಅಷ್ಟು ದೊಡ್ಡ ಗ್ಯಾಲಕ್ಸಿಗೆ ಅದು ಹೇಗೆ ಸಾಧ್ಯ?

ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಪ್ರಶ್ನೆ. 2006ರ ಜುಲೈ 28ರ ರಾತ್ರಿ ನಮೀಬಿಯಾದಲ್ಲಿರುವ ಹೆಸ್ ಅನ್ನುವ ಗಾಮಾ ದೂರದರ್ಶಕಗಳು ಪಿಕೆಎಸ್ 2155-304 ಅನ್ನುವ ಬ್ಲೇಜಾರ್ ನೋಡುತ್ತಿದ್ದವು. ಅದರ ಬೆಳಕು ಸುಮಾರು ಮೂರು ನಿಮಿಷದಲ್ಲಿ ದುಪ್ಪಟ್ಟಾಗುವಂತೆ ಕುಣಿಯಿತು.

ಯಾವುದೇ ವಸ್ತು, ಬೆಳಕು ಅದನ್ನು ಹಾದು ಹೋಗಲು ಬೇಕಾದ ಸಮಯಕ್ಕಿಂತ ಬೇಗ ಒಟ್ಟಾಗಿ ಮಿನುಗಲಾರದು. ಮೂರು ನಿಮಿಷದಲ್ಲಿ ಬೆಳಕು ಹೋಗುವುದು 5.4 ಕೋಟಿ ಕಿಲೊಮೀಟರ್. ಭೂಮಿಯಿಂದ ಸೂರ್ಯನಿಗಿರುವ ದೂರದ ಮೂರನೇ ಒಂದು ಭಾಗ. ಆದರೆ ನೂರು ಕೋಟಿ ಸೂರ್ಯರಷ್ಟು ತೂಕದ ಕಪ್ಪು ಕುಳಿಯ ತ್ರಿಜ್ಯವೇ 300 ಕೋಟಿ ಕಿಲೊಮೀಟರ್. ಯಂತ್ರಕ್ಕಿಂತ ಅದರ ಕಿಡಿ ಸಣ್ಣದು, ಆದರೂ ಇಡೀ ಗ್ಯಾಲಕ್ಸಿಗಿಂತ ಪ್ರಖರ!

ಮೇಲಿನ ನೆಂಟನ ಕಾಗದ ಇಲ್ಲಿ ಕೆಲಸಕ್ಕೆ ಬರುತ್ತದೆ. ನಮಗೆ ಮೂರು ನಿಮಿಷ ಅನ್ನಿಸಿದ್ದು ಅಲ್ಲಿ ಅಷ್ಟು ಚಿಕ್ಕದಲ್ಲ, ನಮ್ಮತ್ತ ಓಡಿ ಬರುವುದರಿಂದ ಕುಗ್ಗಿ ಕಂಡಿದೆ. ಇಷ್ಟಾದರೂ ಪೂರ್ತಿ ಸಮಾಧಾನ ಸಿಗುವುದಿಲ್ಲ. ಈ ಕುಣಿತಕ್ಕೆ ಜೆಟ್ ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಎಷ್ಟೋ ವೇಗವಾಗಿರಬೇಕು. ಅದಕ್ಕೇ ಕೆಲವರು ಜೆಟ್‌ನೊಳಗೆ ಇನ್ನೂ ವೇಗದ ಪುಟ್ಟ ಜೆಟ್‌ಗಳಿವೆ ಅನ್ನುತ್ತಾರೆ. ಇನ್ನೊಂದು ಮಾತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಬೆಳಕು ನಿಜವಾಗಿಯೂ ತುಂಬಿದ್ದರೆ ಗಾಮಾ ಕಿರಣಗಳು ಬೇರೆ ಫೋಟಾನ್‌ಗಳಿಗೆ ಡಿಕ್ಕಿ ಹೊಡೆದು ಇಲೆಕ್ಟ್ರಾನ್-ಪಾಸಿಟ್ರಾನ್ (ಧನ ಆವೇಶದ ಇಲೆಕ್ಟ್ರಾನ್) ಜೋಡಿಗಳಾಗಿ ಅಲ್ಲೇ ಮುಗಿದುಹೋಗಬೇಕಿತ್ತು. ಅವು ತಪ್ಪಿಸಿಕೊಂಡು ನಮ್ಮವರೆಗೆ ಬಂದಿವೆ ಅನ್ನುವುದೇ ಜೆಟ್ ನಮ್ಮತ್ತ ಓಡಿಬರುತ್ತಿದೆ ಅನ್ನುವುದಕ್ಕೆ ಸಾಕ್ಷಿ.

ಗಾಮಾ ಕಿರಣ ವಾತಾವರಣ ದಾಟುವುದಿಲ್ಲ. ನೆಲದ ಮೇಲಿಂದ ನೋಡುವುದು ಹೇಗೆ?

ವಾತಾವರಣವನ್ನೇ ಟೆಲಿಸ್ಕೋಪ್‌ನ ಭಾಗ ಮಾಡಿಕೊಳ್ಳುವುದರಿಂದ. ಕಡಿಮೆ ಶಕ್ತಿಯ ಗಾಮಾ ಕಿರಣಗಳಿಗೆ ಉಪಗ್ರಹ ಸಾಕು. 2008ರ ಜೂನ್ 11ರಂದು ಹಾರಿದ ಫರ್ಮಿ ಮೂರು ಗಂಟೆಗೊಮ್ಮೆ ಇಡೀ ಆಕಾಶ ಸವರುತ್ತದೆ. ಆದರೆ ಶಕ್ತಿ ಏರಿದಂತೆ ಫೋಟಾನ್‌ಗಳು ವಿರಳವಾಗುತ್ತವೆ. ಅಳತೆಗೋಲಿನಂತೆ ಬಳಸುವ ಏಡಿ ನೀಹಾರಿಕೆಯನ್ನೇ (ಸಿಡಿದ ನಕ್ಷತ್ರವೊಂದರ ಅವಶೇಷ) ತಗೊಳ್ಳಿ. ಅದರಿಂದ ಒಂದು ಟೆರಾಗಿಂತ ಹೆಚ್ಚು ಶಕ್ತಿಯ ಫೋಟಾನ್ ಒಂದು ಚದರ ಮೀಟರ್‌ಗೆ ಸುಮಾರು ಎರಡು ತಿಂಗಳಿಗೊಂದು ಬೀಳುತ್ತದೆ. ಉಪಗ್ರಹ ಕಾದು ಕೂರುವುದು ದುಬಾರಿ ಬಾಬತ್ತು.

ಅಂಥ ಫೋಟಾನ್ ಗಾಳಿಗೆ ಬಡಿದಾಗ ಇಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟುತ್ತದೆ, ಅವುಗಳಿಂದ ಮತ್ತೆ ಗಾಮಾ, ಮತ್ತೆ ಜೋಡಿಗಳು. ನೆಲದಿಂದ ಹತ್ತು ಕಿಲೊಮೀಟರ್ ಎತ್ತರದ ಆಸುಪಾಸಿನಲ್ಲಿ ಕಣಗಳ ಸೋನೆ ಸುರಿಯುತ್ತದೆ. ಈ ಕಣಗಳು ಗಾಳಿಯಲ್ಲಿ ಬೆಳಕು ಹೋಗುವುದಕ್ಕಿಂತ ವೇಗವಾಗಿ ಹೋಗುವುದರಿಂದ ನೀಲಿ ಬೆಳಕಿನ ಒಂದು ಮಿಂಚು ಏಳುತ್ತದೆ. ಅದು ಚೆರೆಂಕೋವ್ ಬೆಳಕು. ನೆಲದ ಮೇಲೆ ಸುಮಾರು 120 ಮೀಟರ್ ತ್ರಿಜ್ಯದ ವೃತ್ತಕ್ಕೆ ಹರಡುತ್ತದೆ, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದು ಮಾಯವಾಗುತ್ತದೆ. ಆ ವೃತ್ತದೊಳಗೆ ಎಲ್ಲಿ ಕನ್ನಡಿ ಇಟ್ಟರೂ ಸಿಕ್ಕುತ್ತದೆ. ಹಾಗಾಗಿ ಬಲೆ ಒಂದು ಚದರ ಮೀಟರ್‌ನದ್ದಲ್ಲ, ಹತ್ತಾರು ಸಾವಿರ ಚದರ ಮೀಟರ್‌ನದ್ದು. ಎರಡು ತಿಂಗಳಿಗೊಂದು ಇದ್ದದ್ದು ಎರಡು ನಿಮಿಷಕ್ಕೊಂದು ಆಗುತ್ತದೆ.

ಮೊದಲು ಕಂಡದ್ದು ಯಾವಾಗ?

3ಸಿ 273ರಿಂದ ಗಾಮಾ ಕಿರಣ ಬರುವುದನ್ನು ಯುರೋಪಿನ ಕಾಸ್-ಬಿ ಉಪಗ್ರಹ 1970ರ ದಶಕದಲ್ಲೇ ಕಂಡಿತ್ತು. ಹಲವು ವರ್ಷ ಆ ಸಾಲಿನಲ್ಲಿ ಅದೊಂದೇ. 1991ರಲ್ಲಿ ಕಾಂಪ್ಟನ್ ಉಪಗ್ರಹ ಹಾರಿತು. ಅದರ ಎಗ್ರೆಟ್ ಉಪಕರಣ ಜೂನ್‌ನಲ್ಲಿ ಕನ್ಯಾ ರಾಶಿಯ ಕಡೆ ತಿರುಗಿದಾಗ 3ಸಿ 273 ಅಲ್ಲ, ಅದರಾಚೆ ಎಷ್ಟೋ ದೂರದ 3ಸಿ 279 ಧಗಧಗಿಸುತ್ತಿತ್ತು. ಮುಂದಿನ ವರ್ಷ, 1992ರಲ್ಲಿ, ಅರಿಜೋನಾದ ವಿಪಲ್ ದೂರದರ್ಶಕದ 10 ಮೀಟರ್ ಕನ್ನಡಿ ಮಾರ್ಕೇರಿಯನ್ 421ರಿಂದ ಟೆರಾ ಮಟ್ಟದ ಕಿರಣಗಳನ್ನು ಹಿಡಿಯಿತು. ಅದು ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಮಾರ್ಕೇರಿಯನ್ ಅಂದರೆ ಆರ್ಮೇನಿಯಾದ ಖಗೋಳಜ್ಞ ಬೆಂಜಮಿನ್ ಮಾರ್ಕೇರಿಯನ್. ನೀಲಿ ಹೆಚ್ಚಿರುವ ಗ್ಯಾಲಕ್ಸಿಗಳನ್ನು ಹುಡುಕಿ ಪಟ್ಟಿ ಮಾಡಿದವರು.

ಭಾರತದಲ್ಲಿ ಇದನ್ನು ಯಾರಾದರೂ ನೋಡುತ್ತಾರಾ?

ನೋಡುತ್ತಾರೆ, ತುಂಬ ವರ್ಷಗಳಿಂದ. ಮೌಂಟ್ ಅಬುವಿನಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಟ್ಯಾಕ್ಟಿಕ್ ದೂರದರ್ಶಕ ಮಾರ್ಕೇರಿಯನ್ 421, 501 ಎರಡನ್ನೂ ಹಿಂಬಾಲಿಸಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ 2008ರಿಂದ ಹಗರ್ ನಡೆಸಿದವು. ಏಳು ದೂರದರ್ಶಕ, ಒಂದೊಂದರಲ್ಲಿ ಏಳೇಳು ಕನ್ನಡಿ. 2010ರ ಫೆಬ್ರವರಿಯಲ್ಲಿ ಮಾರ್ಕೇರಿಯನ್ 421 ಭಾರಿ ಉಕ್ಕಿದಾಗ ಹಗರ್ ಕೂಡ ಅದನ್ನು ನೋಡಿತು. ಅದೇ ಹಾನ್ಲೆಯಲ್ಲಿ 21 ಮೀಟರ್ ಅಗಲದ ಮೇಸ್ ದೂರದರ್ಶಕ 2024ರ ಅಕ್ಟೋಬರ್ 4ರಂದು ಉದ್ಘಾಟನೆಯಾಯಿತು. ಮಾಡಿದ್ದು ಭಾಭಾ ಕೇಂದ್ರ ಮತ್ತು ಹೈದರಾಬಾದಿನ ಇಸಿಐಎಲ್, ಇನ್ನೂ ಕೆಲವರ ಜೊತೆ.

ಅಲ್ಲಿಗೆ ಯಾಕೆ ಹೋಗಬೇಕು ಅಂತ ಕೇಳಿದರೆ, ಗಾಳಿ ತೆಳು, ಮಳೆ ಕಡಿಮೆ, ಕತ್ತಲೆ ಗಟ್ಟಿ. ಚೆರೆಂಕೋವ್ ಮಿಂಚಿಗೆ ಹತ್ತಿರವಿದ್ದಷ್ಟೂ ಬೆಳಕು ದಟ್ಟ. ಬಯಲುಸೀಮೆಯವರಿಗೆ ಸಮಾಧಾನದ ವಿಷಯ ಒಂದಿದೆ. ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಬ್ಲೇಜಾರ್ ಉಕ್ಕಿದಾಗ ಕಾಣುವ ಬೆಳಕಿನಲ್ಲಿ ಅದನ್ನು ಅಳೆಯಲು ಇಂಥ ದೂರದರ್ಶಕಗಳೂ ಬೇಕು.

ನ್ಯೂಟ್ರಿನೊ ಸಿಕ್ಕಿತಾ?

ಒಂದು ಸಿಕ್ಕಿತು, ಬಹುಶಃ. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಒಂದು ಘನ ಕಿಲೊಮೀಟರ್ ಜಾಗಕ್ಕೆ 5,160 ಸಂವೇದಕಗಳನ್ನು ಇಳಿಬಿಟ್ಟ ಐಸ್‌ಕ್ಯೂಬ್, 2017ರ ಸೆಪ್ಟೆಂಬರ್ 22ರಂದು ಸುಮಾರು 290 ಟೆರಾ ಶಕ್ತಿಯ ಒಂದು ನ್ಯೂಟ್ರಿನೊ ಹಿಡಿಯಿತು. ಒಂದು ನಿಮಿಷದೊಳಗೆ ಜಗತ್ತಿಗೆಲ್ಲ ಸುದ್ದಿ ಹೋಯಿತು. ಅದು ಬಂದ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಅನ್ನುವ ಬ್ಲೇಜಾರ್ ಆಗಲೇ ಗಾಮಾ ಕಿರಣದಲ್ಲಿ ಉಕ್ಕುತ್ತಿತ್ತು ಅಂತ ಫರ್ಮಿ ತಂಡ ಕೆಲವು ದಿನಗಳಲ್ಲಿ ಹೇಳಿತು. ಕ್ಯಾನರಿ ದ್ವೀಪದ ಮ್ಯಾಜಿಕ್ ದೂರದರ್ಶಕಗಳೂ ಅದನ್ನು ಕಂಡವು. ದೂರ ಸುಮಾರು 400 ಕೋಟಿ ಜ್ಯೋತಿರ್ವರ್ಷ.

ಇದು ಕಾಕತಾಳೀಯ ಆಗಿರುವ ಸಾಧ್ಯತೆ ಸಾವಿರಕ್ಕೊಂದರ ಆಸುಪಾಸು. ಭೌತಶಾಸ್ತ್ರದವರು ಅಷ್ಟಕ್ಕೆ ಒಪ್ಪುವ ಜನ ಅಲ್ಲ. ಹಳೆಯ ದಾಖಲೆ ತೆಗೆದಾಗ 2014-15ರಲ್ಲೂ ಅದೇ ಕಡೆಯಿಂದ ಹದಿಮೂರರಷ್ಟು ನ್ಯೂಟ್ರಿನೊ ಬಂದಿದ್ದು ಕಂಡಿತು, ಆದರೆ ಆಗ ಗಾಮಾ ಉಕ್ಕೇ ಇರಲಿಲ್ಲ! ಇನ್ನು 2022ರಲ್ಲಿ ಐಸ್‌ಕ್ಯೂಬ್ ತೋರಿಸಿದ ಇನ್ನೂ ಗಟ್ಟಿ ಮೂಲ ಎನ್‌ಜಿಸಿ 1068 ಅನ್ನುವ ಸಕ್ರಿಯ ಗ್ಯಾಲಕ್ಸಿ. ಅದು ಬ್ಲೇಜಾರ್ ಅಲ್ಲವೇ ಅಲ್ಲ. ಪ್ರೋಟಾನ್ ಪಕ್ಷದ ವಕೀಲರಿಗೆ ಒಳ್ಳೆಯ ಸಾಕ್ಷಿ ಸಿಕ್ಕಿದೆ, ಆದರೆ ಪಾಟೀಸವಾಲಿನಲ್ಲಿ ತಡವರಿಸುತ್ತಿದೆ ಅನ್ನಬಹುದು.

ನ್ಯೂಟ್ರಿನೊ ಅಂದಾಗ ನಮ್ಮ ಕೋಲಾರ ಚಿನ್ನದ ಗಣಿಯನ್ನು ನೆನೆಯದೆ ಇರಲಾರೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಮೊದಲು ಕಂಡ ಜಾಗಗಳಲ್ಲಿ ಅದೂ ಒಂದು, ನೆಲದಿಂದ ಎರಡು ಕಿಲೊಮೀಟರ್‌ಗೂ ಆಳದಲ್ಲಿ.

ಎಷ್ಟು ದೂರದ ಬ್ಲೇಜಾರ್ ಕಾಣುತ್ತದೆ?

ಫರ್ಮಿಯ ಶಕ್ತಿಮಟ್ಟದಲ್ಲಿ ವಿಶ್ವದ ವಯಸ್ಸು ಈಗಿನ ಹತ್ತನೇ ಒಂದರ ಹತ್ತಿರ ಇದ್ದಾಗಿನವೂ ಸಿಕ್ಕಿವೆ. ಟೆರಾ ಮಟ್ಟದಲ್ಲಿ ಹಾಗಲ್ಲ. ಎಲ್ಲ ನಕ್ಷತ್ರ, ದೂಳು ಇಲ್ಲಿವರೆಗೆ ಚೆಲ್ಲಿದ ಬೆಳಕು ಜಗತ್ತಿನಲ್ಲಿ ಮಡಿಕೇರಿಯ ಮಂಜಿನಂತೆ ತುಂಬಿಕೊಂಡಿದೆ. ಟೆರಾ ಗಾಮಾ ಕಿರಣ ಈ ಅವಕೆಂಪು ಫೋಟಾನ್‌ಗಳಿಗೆ ಡಿಕ್ಕಿ ಹೊಡೆದು ದಾರಿಯಲ್ಲೇ ಕಳೆದುಹೋಗುತ್ತದೆ. 2023ರ ಡಿಸೆಂಬರ್‌ನಲ್ಲಿ ಲಾ ಪಾಲ್ಮಾ ದ್ವೀಪದ 23 ಮೀಟರ್ ಎಲ್‌ಎಸ್‌ಟಿ-1 ದೂರದರ್ಶಕ ಒಪಿ 313 ಅನ್ನುವ ಕ್ವೇಸಾರ್ ಕಂಡದ್ದು ಸುದ್ದಿಯಾಯಿತು. ಅದರ ಬೆಳಕು ಹೊರಟು ಸುಮಾರು 800 ಕೋಟಿ ವರ್ಷ. ಆದರೆ ಅಲ್ಲಿಂದ ಬಂದದ್ದು ಟೆರಾಗಿಂತ ಕಡಿಮೆ ಶಕ್ತಿಯ ಕಿರಣಗಳು.

ತೊಂದರೆಯೂ ಉಪಯೋಗಕ್ಕೆ ಬಂತು. ಯಾವ ಬ್ಲೇಜಾರ್‌ನ ಬೆಳಕು ಎಷ್ಟು ಕುಂದಿದೆ ಅಂತ ನೋಡಿ ಮಂಜು ಎಷ್ಟಿದೆ ಅಂತ ಅಳೆಯಬಹುದಲ್ಲ. ಫರ್ಮಿ ತಂಡ 2018ರಲ್ಲಿ 739 ಬ್ಲೇಜಾರ್‌ಗಳಿಂದ ಅದನ್ನೇ ಮಾಡಿ, ವಿಶ್ವದಲ್ಲಿ ನಕ್ಷತ್ರಗಳು ಯಾವ ಕಾಲದಲ್ಲಿ ಎಷ್ಟು ಹುಟ್ಟಿದವು ಅನ್ನುವ ಲೆಕ್ಕ ತೆಗೆಯಿತು.

ಅಡ್ಡ ನಿಂತ ಜೆಟ್‌ಗಳಿಂದ ಗಾಮಾ ಬರುವುದೇ ಇಲ್ಲವಾ?

ಬರುತ್ತದೆ, ಹತ್ತಿರದ್ದಾದರೆ ಕಾಣುತ್ತದೆ. 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ87ರ ಟೆರಾ ಬೆಳಕು ದಿನಗಳಲ್ಲಿ ಏರಿಳಿಯುತ್ತದೆ. 2019ರ ಏಪ್ರಿಲ್ 10ರಂದು ಕಪ್ಪು ಕುಳಿಯ ಮೊದಲ ಚಿತ್ರ ಅಂತ ಎಲ್ಲರ ಮೊಬೈಲ್‌ಗೆ ಬಂದ ಕಿತ್ತಳೆ ಬಳೆ ಇದರದ್ದೇ. 1.2 ಕೋಟಿ ಜ್ಯೋತಿರ್ವರ್ಷ ದೂರದ ಸೆಂಟಾರಸ್ ಎ ಇನ್ನೂ ಸ್ವಾರಸ್ಯ. ಅದರ ಟೆರಾ ಬೆಳಕು ಬರೀ ನಡುವಿನ ಚುಕ್ಕೆಯಲ್ಲ, ಜೆಟ್‌ನ ಉದ್ದಕ್ಕೂ ಸಾವಿರಾರು ಜ್ಯೋತಿರ್ವರ್ಷ ಚಾಚಿದೆ ಅಂತ ಹೆಸ್ ತಂಡ 2020ರಲ್ಲಿ ತೋರಿಸಿತು. ಟೆರಾ ಇಲೆಕ್ಟ್ರಾನ್‌ಗಳು ಬೇಗ ಸುಸ್ತಾಗುತ್ತವೆ. ಅಷ್ಟು ದೂರದಲ್ಲೂ ಅವು ಇವೆ ಅಂದರೆ ದಾರಿಯುದ್ದಕ್ಕೂ ಅವಕ್ಕೆ ಮತ್ತೆ ಮತ್ತೆ ವೇಗ ಸಿಗುತ್ತಿರಬೇಕು.

ನಮಗೆ ಏನಾದರೂ ಅಪಾಯ ಇದೆಯಾ?

ಇಲ್ಲ. ಚದರ ಮೀಟರ್‌ಗೆ ತಿಂಗಳಿಗೊಂದು ಎರಡು ತಿಂಗಳಿಗೊಂದು ಫೋಟಾನ್, ಅದೂ ವಾತಾವರಣದ ಮೇಲೇ ಮುಗಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಟೋಪಿ ಹಾಕಿಕೊಳ್ಳಿ, ಅದು ಮುಖ್ಯ.

ಮನೆಯ ಟೆಲಿಸ್ಕೋಪ್‌ನಲ್ಲಿ ಬ್ಲೇಜಾರ್ ನೋಡಬಹುದಾ?

ಗಾಮಾ ಕಿರಣದಲ್ಲಿ ಆಗದು, ಕಾಣುವ ಬೆಳಕಿನಲ್ಲಿ ಆಗುತ್ತದೆ. 8 ಇಂಚಿನ ಟೆಲಿಸ್ಕೋಪ್, ಊರಿನ ದೀಪಗಳಿಂದ ದೂರದ ಕತ್ತಲು, ಒಳ್ಳೆಯ ನಕ್ಷೆ, ಮತ್ತು ತಾಳ್ಮೆ ಬೇಕು. ಸುಲಭದ್ದು ಕನ್ಯಾ ರಾಶಿಯ 3ಸಿ 273, ಕಾಂತಿಮಾನ ಸುಮಾರು 13 (ಈ ಸಂಖ್ಯೆ ದೊಡ್ಡದಾದಷ್ಟೂ ಮಂಕು). ಏಪ್ರಿಲ್ ರಾತ್ರಿಗಳಲ್ಲಿ ಎತ್ತರದಲ್ಲಿರುತ್ತದೆ, ಮುಂಗಾರು ಪೂರ್ವ ಮೋಡ ಬಿಟ್ಟರೆ. ಸುಮಾರು 200 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಅದು.

ಸಪ್ತರ್ಷಿ ಮಂಡಲದಲ್ಲಿರುವ ಮಾರ್ಕೇರಿಯನ್ 421 ಸ್ವಲ್ಪ ಕಾಡಿಸುತ್ತದೆ. ಪಕ್ಕದಲ್ಲೇ ಆರನೇ ಕಾಂತಿಮಾನದ ಒಂದು ನಕ್ಷತ್ರ ಕೂತಿದೆ, 51 ಉರ್ಸೆ ಮೇಜೋರಿಸ್ ಅಂತ. ಮೊದಲ ಸಲ ನಾನು ಅರ್ಧ ಗಂಟೆ ಆ ನಕ್ಷತ್ರವನ್ನೇ ನೋಡುತ್ತಾ ಪುಳಕಗೊಂಡಿದ್ದೆ. ಆಮೇಲೆ ಜೊತೆಗಿದ್ದ ಹುಡುಗಿ ನಕ್ಷೆ ತಿರುಗಿಸಿ ಹಿಡಿದು, "ಸರ್, ಅದಲ್ಲ, ಅದರ ಪಕ್ಕದ ಚಿಕ್ಕದು" ಅಂದಳು. ಟೆಲಿಸ್ಕೋಪ್‌ನಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ ಅನ್ನುವುದನ್ನೇ ಮರೆತಿದ್ದೆ. ನಕ್ಷೆಯನ್ನೂ ತಿರುಗಿಸಿ ಹಿಡಿಯಿರಿ.